ಮಾವ ಮಾಂಸ ಮುಟ್ಟಿದವರಲ್ಲ, ಆದರೂ ಪ್ರಿಯಾನ್ ಕಾಯಿಲೆ ಬಂತು. ನಾನು ಕೊಟ್ಟ ಹಾಲೇ ಕಾರಣವಾ?

ಪ್ರಶ್ನೆ: ತಿಪಟೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ. "ನನ್ನ ಸೋದರಮಾವ ಹೋದ ವರ್ಷ ತೀರಿಕೊಂಡರು. 66 ವರ್ಷ. ಮೊದಲು ಗೊತ್ತಿದ್ದ ದಾರಿಯೇ ಮರೆತುಹೋಗುತ್ತಿತ್ತು. ಆಮೇಲೆ ನಡಿಗೆ ತಪ್ಪಿತು. ಕೈಕಾಲು ಇದ್ದಕ್ಕಿದ್ದಂತೆ ಬೆಚ್ಚಿಬೀಳುತ್ತಿದ್ದವು. ಮೂರೂವರೆ ತಿಂಗಳಲ್ಲಿ ಎಲ್ಲಾ ಮುಗಿಯಿತು. ಅದು ಸಿಜೆಡಿ, ಪ್ರಿಯಾನ್ ಕಾಯಿಲೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದರು. ಮೊಬೈಲಿನಲ್ಲಿ ಹುಡುಕಿದರೆ ಎಲ್ಲೆಡೆ 'ಹುಚ್ಚು ಹಸು ರೋಗ' ಎಂದೇ ಬರುತ್ತದೆ. ನಾವೆಲ್ಲ ಮಾಂಸ ತಿನ್ನುತ್ತೇವೆ, ಆದರೆ ಮಾವ ಚಿಕ್ಕಂದಿನಿಂದ ಮುಟ್ಟಿದವರಲ್ಲ. ಹಾಗಾದರೆ ಹಾಲಿನಿಂದಲೇ ಬಂದಿರಬೇಕು ಎನ್ನುತ್ತಾರೆ ನೆಂಟರು. ಅವರ ಮನೆಗೆ 11 ವರ್ಷದಿಂದ ಹಾಲು ಹೋಗುತ್ತಿದ್ದದ್ದು ನಮ್ಮ ಕೊಟ್ಟಿಗೆಯಿಂದ. ನಮ್ಮ ಎರಡು ಹಸುಗಳಲ್ಲಿ ಒಂದು ಮೇಯಲು ಬಿಟ್ಟಾಗ ಮೂಳೆ ಕಡಿಯುತ್ತದೆ. ಅದಕ್ಕೇ ಹೀಗಾಯಿತಾ? ಅತ್ತೆಯ ಮನೆಗೆ ಹಾಲು ಕೊಡುವುದನ್ನು ನಿಲ್ಲಿಸಿದ್ದೇನೆ. ಬುದ್ಧಿ ಚುರುಕಾಗಲಿ ಎಂದು ಮಗನಿಗೆ ಕುರಿ ಮೆದುಳು ಕೊಡುತ್ತಿದ್ದೆ, ಅದನ್ನೂ ನಿಲ್ಲಿಸಿದೆ. ಎಷ್ಟು ಬೇಯಿಸಿದರೂ ಪ್ರಿಯಾನ್ ಸಾಯುವುದಿಲ್ಲ ಅನ್ನುವುದು ನಿಜವಾ? ತಮ್ಮ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಅಲ್ಲಿ ಆಫೀಸಿನ ಗೆಳೆಯರು ಬೇಟೆಯ ಜಿಂಕೆ ಮಾಂಸ ಕೊಡುತ್ತಾರಂತೆ. ತಿನ್ನಬಹುದಾ?"

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ನಿಮ್ಮನ್ನು ರಾತ್ರಿ ನಿದ್ದೆಗೆಡಿಸುತ್ತಿರುವುದು ಒಂದೇ. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಹಾಲಿನಿಂದ ನಿಮ್ಮ ಮಾವನಿಗೆ ಈ ಕಾಯಿಲೆ ಬಂದಿಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಪಶುವೈದ್ಯನಾಗಿ ಇಷ್ಟು ವರ್ಷ ಹಸು, ಹಾಲು, ಮಾಂಸದ ನಡುವೆಯೇ ಕೆಲಸ ಮಾಡಿದ್ದೇನೆ. ಯಾಕೆ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ ಎಂದು ವಿವರಿಸುತ್ತೇನೆ.

ಗೊಂದಲ ಹುಟ್ಟುವುದು ಹೆಸರಿನಿಂದ. ಸಿಜೆಡಿ ಎಂದರೆ ಕ್ರೂಟ್ಸ್‌ಫೆಲ್ಟ್-ಜೇಕಬ್ ಕಾಯಿಲೆ. 1920ರ ಸುಮಾರಿಗೆ ಇದನ್ನು ಗುರುತಿಸಿದ ಇಬ್ಬರು ಜರ್ಮನ್ ವೈದ್ಯರ ಹೆಸರು ಅದು. ಹುಚ್ಚು ಹಸು ರೋಗ ಜಗತ್ತಿಗೆ ಗೊತ್ತಾಗಿದ್ದು 1986ರಲ್ಲಿ. ಅಂದರೆ ಹಸುವಿನ ಕಾಯಿಲೆ ಕಾಣಿಸಿಕೊಳ್ಳುವ 60 ವರ್ಷಕ್ಕೂ ಮೊದಲೇ ಮನುಷ್ಯರಲ್ಲಿ ಸಿಜೆಡಿ ಇತ್ತು. ಈಗಲೂ ನೂರು ಜನರಿಗೆ ಸಿಜೆಡಿ ಬಂದರೆ ಸುಮಾರು 85 ಜನರಿಗೆ ಹೊರಗಿನ ಕಾರಣವೇ ಇರುವುದಿಲ್ಲ. ತಾನಾಗಿಯೇ ಬರುತ್ತದೆ. 10ರಿಂದ 15 ಜನರಲ್ಲಿ ವಂಶವಾಹಿಯ ದೋಷ ಇರುತ್ತದೆ. ಹಸುವಿನ ಮಾಂಸದಿಂದ ಬಂದದ್ದು ಬೇರೆಯೇ ಬಗೆ, ಅದಕ್ಕೆ ವೇರಿಯೆಂಟ್ ಸಿಜೆಡಿ ಎಂದು ಹೆಸರು. ಹುಡುಕಿದಾಗ ಮೊಬೈಲು ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ತೋರಿಸುತ್ತದೆ.

ತಾನಾಗಿಯೇ ಬರುವುದು ಅಂದರೆ ಏನು? ನಮ್ಮೆಲ್ಲರ ಮೆದುಳಿನಲ್ಲೂ ಪ್ರಿಯಾನ್ ಪ್ರೋಟೀನ್ ಎಂಬ ಒಂದು ಪ್ರೋಟೀನ್ ಇದೆ. ನನ್ನಲ್ಲೂ ಇದೆ, ನಿಮ್ಮಲ್ಲೂ ಇದೆ, ಹಸುವಿನಲ್ಲೂ ಇದೆ. ಪ್ರೋಟೀನ್ ಒಂದು ಉದ್ದನೆಯ ದಾರ. ಅದು ಸರಿಯಾದ ರೀತಿಯಲ್ಲಿ ಮಡಿಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಯಾವಾಗಲೋ ಒಮ್ಮೆ ಒಂದು ದಾರ ತಪ್ಪಾಗಿ ಮಡಿಚಿಕೊಳ್ಳುತ್ತದೆ. ಹೆಚ್ಚಿನ ಸಲ ದೇಹ ಅದನ್ನು ತೆಗೆದುಹಾಕುತ್ತದೆ. ಅಪರೂಪಕ್ಕೆ ಒಮ್ಮೆ ಅದು ಉಳಿದುಬಿಡುತ್ತದೆ, ಪಕ್ಕದ ದಾರಗಳನ್ನೂ ತನ್ನ ಹಾಗೆಯೇ ಮಡಿಸತೊಡಗುತ್ತದೆ. ಸಕ್ಕರೆ ಪಾಕ ಮಾಡಿದವರಿಗೆ ಇದು ಗೊತ್ತು. ತಿಳಿಯಾಗಿದ್ದ ಪಾಕಕ್ಕೆ ಒಂದು ಹರಳು ಬಿದ್ದರೆ ಸಾಕು, ಅದರ ಸುತ್ತ ಇನ್ನೊಂದು, ಮತ್ತೊಂದು ಎಂದು ಇಡೀ ಪಾಕವೇ ಹರಳುಗಟ್ಟುತ್ತದೆ. ಮೆದುಳಿನಲ್ಲಿ ಹೀಗಾದಾಗ ಜೀವಕೋಶಗಳು ಸಾಯುತ್ತವೆ, ಮೆದುಳು ಸ್ಪಂಜಿನಂತೆ ತೂತುತೂತಾಗುತ್ತದೆ. ಇಂಥ ಪ್ರೋಟೀನಿಗೆ 1982ರಲ್ಲಿ ಪ್ರಿಯಾನ್ ಎಂದು ಹೆಸರಿಟ್ಟವರು ಅಮೆರಿಕದ ಸ್ಟ್ಯಾನ್ಲಿ ಪ್ರುಸಿನರ್. ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾನೂ ಅಲ್ಲ, ಬರೀ ಪ್ರೋಟೀನು ರೋಗ ತರುತ್ತದೆ ಎಂದಾಗ ಬಹಳ ವಿಜ್ಞಾನಿಗಳು ನಂಬಲಿಲ್ಲ. 1997ರಲ್ಲಿ ಅವರಿಗೆ ನೊಬೆಲ್ ಬಂತು.

ತಾನಾಗಿ ಬರುವ ಸಿಜೆಡಿ ಜಗತ್ತಿನ ಎಲ್ಲಾ ಕಡೆ ವರ್ಷಕ್ಕೆ 10 ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಆಸ್ಟ್ರೇಲಿಯಾವನ್ನೇ ನೋಡಿ. ಅಲ್ಲಿ ಹಸುಗಳಿಗೆ ಈ ರೋಗ ಬಂದೇ ಇಲ್ಲ. ಆದರೂ ಅಲ್ಲಿನ ಜನರಲ್ಲಿ ಸಿಜೆಡಿ ಇದೆ, ಬೇರೆ ದೇಶಗಳಷ್ಟೇ ಇದೆ. ಏಳು ಕೋಟಿಯಷ್ಟು ಜನರಿರುವ ನಮ್ಮ ಕರ್ನಾಟಕಕ್ಕೆ ಇದೇ ಲೆಕ್ಕ ಹಾಕಿದರೆ ವರ್ಷಕ್ಕೆ 70ರಿಂದ 140 ಜನ. ಎಷ್ಟೋ ಜನರಿಗೆ ಪತ್ತೆಯೇ ಆಗುವುದಿಲ್ಲ, 'ಅರಳುಮರಳು' ಎಂದೋ ಪಾರ್ಶ್ವವಾಯು ಎಂದೋ ಅಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ನಿಮ್ಮ ಮಾವನಿಗೆ ಪತ್ತೆಯಾಯಿತು, ಅಷ್ಟೆ.

ಇನ್ನೊಂದು ವಿಷಯ. ನೀವು ಬರೆದಿರುವ ವಿವರಗಳೇ ಉತ್ತರ ಹೇಳುತ್ತಿವೆ. ಹಸುವಿನಿಂದ ಬಂದ ಬಗೆ ಹೊಡೆದದ್ದು ಹೆಚ್ಚಾಗಿ ಎಳೆಯರನ್ನು. ಬ್ರಿಟನ್ನಿನಲ್ಲಿ ಸತ್ತವರಲ್ಲಿ ಅರ್ಧಕ್ಕರ್ಧ ಜನ 28 ದಾಟಿರಲಿಲ್ಲ. ಅದು ಶುರುವಾಗುತ್ತಿದ್ದದ್ದು ಖಿನ್ನತೆ, ಆತಂಕ, ಕೈಕಾಲು ನೋವಿನಿಂದ. ಒಂದು ವರ್ಷಕ್ಕೂ ಜಾಸ್ತಿ ಎಳೆಯುತ್ತಿತ್ತು. 60 ದಾಟಿದ ವಯಸ್ಸು, ಬೇಗ ಬೇಗ ಹೋಗುವ ನೆನಪು, ಬೆಚ್ಚಿಬೀಳುವ ಕೈಕಾಲು, ಮೂರ್ನಾಲ್ಕು ತಿಂಗಳಲ್ಲಿ ಸಾವು, ಇದು ತಾನಾಗಿ ಬರುವ ಸಿಜೆಡಿಯ ನಡೆ. ಸ್ಕ್ಯಾನಿನಲ್ಲೂ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಡಾಕ್ಟರು ಕೊಟ್ಟ ಕಾಗದಗಳಲ್ಲಿ 'ಸ್ಪೊರಾಡಿಕ್' ಎಂಬ ಪದ ಇದೆಯಾ ನೋಡಿ. ಇದ್ದರೆ ಅದರ ಅರ್ಥ ಇದೇ.

ಹಾಗಾದರೆ ಹುಚ್ಚು ಹಸು ರೋಗ ಆಗಿದ್ದಾದರೂ ಹೇಗೆ? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದು ತಿಳಿದರೆ ಹಾಲಿನ ಪ್ರಶ್ನೆ, ಮೂಳೆಯ ಪ್ರಶ್ನೆ ಎರಡೂ ಬಗೆಹರಿಯುತ್ತವೆ.

ಬ್ರಿಟನ್ನಿನಲ್ಲಿ ಕಸಾಯಿಖಾನೆಯ ಉಳಿಕೆಗಳನ್ನು, ಅಂದರೆ ಮೂಳೆ, ತಲೆ, ಕರುಳು, ಸತ್ತ ದನಗಳನ್ನು ಬೇಯಿಸಿ, ಕೊಬ್ಬು ತೆಗೆದು, ಒಣಗಿಸಿ ಪುಡಿ ಮಾಡುತ್ತಿದ್ದರು. ಪ್ರೋಟೀನು ಜಾಸ್ತಿ, ಬೆಲೆ ಕಡಿಮೆ. ಹಾಲು ಹೆಚ್ಚಲಿ ಎಂದು ಅದನ್ನೇ ಹಸುಗಳಿಗೆ, ಎಳೆ ಕರುಗಳಿಗೂ ತಿನ್ನಿಸಿದರು. ಹುಲ್ಲು ತಿನ್ನುವ ಪ್ರಾಣಿಗೆ ಅದರದೇ ಜಾತಿಯ ಮೆದುಳು, ಬೆನ್ನುಹುರಿ ತಿನ್ನಿಸಿದ ಹಾಗಾಯಿತು. ಎಲ್ಲೋ ಒಂದು ಪ್ರಾಣಿಯಲ್ಲಿದ್ದ ಪ್ರಿಯಾನ್ ಪುಡಿಯಾಗಿ ನೂರಾರು ಹಸುಗಳ ಹೊಟ್ಟೆ ಸೇರಿತು. ಆ ಹಸುಗಳೂ ಮತ್ತೆ ಪುಡಿಯಾದವು. ರೋಗ ಕಾಣಿಸಿಕೊಳ್ಳಲು ನಾಲ್ಕೈದು ವರ್ಷ ಬೇಕು. ಹಾಗಾಗಿ ಗೊತ್ತಾಗುವ ಹೊತ್ತಿಗೆ ಅದು ದೇಶದ ತುಂಬ ಹರಡಿತ್ತು. 1992ರ ಒಂದೇ ವರ್ಷದಲ್ಲಿ 37,000ಕ್ಕೂ ಹೆಚ್ಚು ಹಸುಗಳಿಗೆ ರೋಗ ಖಚಿತವಾಯಿತು. ಒಟ್ಟು 1,80,000 ದಾಟಿತು. ಸೋಂಕಿದ ಮೆದುಳಿನ ಒಂದು ಗ್ರಾಂಗಿಂತ ಕಡಿಮೆ ತಿಂದರೂ ಕರುವಿಗೆ ರೋಗ ಬರಬಹುದು ಎಂದು ಆಮೇಲೆ ಪ್ರಯೋಗಗಳಲ್ಲಿ ಗೊತ್ತಾಯಿತು.

ಮನುಷ್ಯರಿಗೆ ಅಪಾಯ ಇಲ್ಲ ಎಂದೇ ಸರ್ಕಾರ ಹೇಳುತ್ತಾ ಬಂತು. 1990ರಲ್ಲಿ ಅಲ್ಲಿನ ಕೃಷಿ ಸಚಿವ ಜಾನ್ ಗಮ್ಮರ್ ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳಿಗೆ ಬರ್ಗರ್ ತಿನ್ನಿಸಲು ಹೋದರು. ಆರು ವರ್ಷದ ಮೇಲೆ, 1996ರ ಮಾರ್ಚ್ 20ರಂದು, ಹತ್ತು ಜನರಿಗೆ ಹೊಸ ಬಗೆಯ ಸಿಜೆಡಿ ಬಂದಿದೆ, ಅದಕ್ಕೆ ಈ ಹಸುಗಳೇ ಕಾರಣ ಇರಬಹುದು ಎಂದು ಅದೇ ಸರ್ಕಾರ ಸಂಸತ್ತಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಇಂದಿಗೂ ಜನ ಅಧಿಕಾರಿಗಳ ಮಾತನ್ನು ನಂಬದೇ ಇದ್ದರೆ ನಾನು ಜನರನ್ನು ದೂರುವುದಿಲ್ಲ. ನಂಬಿಕೆ ಕೆಟ್ಟದ್ದು ಆಗಲೇ. ಬ್ರಿಟನ್ನಿನಲ್ಲಿ ಒಟ್ಟು 178 ಜನ ಸತ್ತರು. ಅಲ್ಲಿನ ಪೀಡೆ ನಿಂತದ್ದು ಔಷಧದಿಂದಲ್ಲ, ಲಸಿಕೆಯಿಂದಲ್ಲ. ದನಕ್ಕೆ ದನದ ಪುಡಿ ತಿನ್ನಿಸುವುದನ್ನು 1988ರಲ್ಲಿ ನಿಷೇಧಿಸಿ, 1996ರಲ್ಲಿ ಆ ನಿಷೇಧವನ್ನು ಇನ್ನೂ ಬಿಗಿ ಮಾಡಿದ್ದರಿಂದ. ಮೆದುಳು, ಬೆನ್ನುಹುರಿಯಂಥ ಭಾಗಗಳನ್ನು ಮನುಷ್ಯರ ಆಹಾರದಿಂದ ಹೊರಗಿಟ್ಟಿದ್ದರಿಂದ.

ಈಗ ಹಾಲಿಗೆ ಬರೋಣ. ಪ್ರಿಯಾನ್ ಇರುವುದು ಮುಖ್ಯವಾಗಿ ಮೆದುಳು, ಬೆನ್ನುಹುರಿ, ಕಣ್ಣು, ಕರುಳಿನ ಕೆಲವು ಭಾಗಗಳಲ್ಲಿ. ರೋಗ ಬಂದ ಹಸುಗಳ ಹಾಲನ್ನು ವಿಜ್ಞಾನಿಗಳು ಇಲಿಗಳಿಗೆ ಕುಡಿಸಿ ನೋಡಿದರು. ಅಷ್ಟಕ್ಕೇ ಬಿಡದೆ ಇಲಿಗಳ ಮೆದುಳಿಗೇ ಚುಚ್ಚಿ ನೋಡಿದರು. ಒಂದಕ್ಕೂ ರೋಗ ಬರಲಿಲ್ಲ. ರೋಗದ ತಾಯಿಯ ಮೊಲೆ ಚೀಪಿ ಬೆಳೆದ ಕರುಗಳನ್ನು ವರ್ಷಗಟ್ಟಲೆ ಗಮನಿಸಿದರು. ಅವಕ್ಕೂ ಹಾಲಿನಿಂದ ರೋಗ ದಾಟಲಿಲ್ಲ. ಹುಚ್ಚು ಹಸು ರೋಗ ಇದ್ದ ದೇಶಗಳಲ್ಲೂ ಹಾಲು, ಹಾಲಿನ ಪದಾರ್ಥ ಸುರಕ್ಷಿತ ಎಂದು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಹೇಳಿತು. ಒಂದು ಮಾತು ಮುಚ್ಚಿಡಬಾರದು. ಕುರಿಗಳಿಗೆ ಸ್ಕ್ರೇಪಿ ಎಂಬ ಪ್ರಿಯಾನ್ ರೋಗ ಇದೆ, ಅದು ತಾಯಿ ಕುರಿಯ ಹಾಲಿನಿಂದ ಮರಿಗೆ ದಾಟಬಲ್ಲದು. ಆದರೆ ಸ್ಕ್ರೇಪಿ ಯೂರೋಪಿನಲ್ಲಿ ಸುಮಾರು 300 ವರ್ಷದಿಂದ ಇದೆ. ಅಲ್ಲಿನ ಜನ ಕುರಿ ಮಾಂಸವನ್ನೂ ಕುರಿ ಹಾಲಿನ ಚೀಸನ್ನೂ ತಿನ್ನುತ್ತಲೇ ಬಂದಿದ್ದಾರೆ. ಮನುಷ್ಯರಿಗೆ ದಾಟಿದ್ದಕ್ಕೆ ಆಧಾರ ಸಿಕ್ಕಿಲ್ಲ.

ಇದೆಲ್ಲ ರೋಗದ ಹಸುಗಳ ಹಾಲಿನ ಮಾತು. ನಮ್ಮ ದೇಶದ ಹಸುಗಳಲ್ಲಿ ಈ ರೋಗ ಕಂಡಿದ್ದೇ ಇಲ್ಲ. 2010ರಿಂದ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದ 'ನಗಣ್ಯ ಅಪಾಯ'ದ ದೇಶಗಳ ಪಟ್ಟಿಯಲ್ಲಿ ಇಟ್ಟಿದೆ. ರಾಗಿ ಹುಲ್ಲು, ಜೋಳದ ಕಡ್ಡಿ, ಬೂಸಾ, ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ ತಿಂದು ಬದುಕುವ ಹಸುವಿಗೆ ಬ್ರಿಟನ್ನಿನ ಆ ಚಕ್ರ ತಗುಲುವ ದಾರಿಯೇ ಇಲ್ಲ. ನೀವು 11 ವರ್ಷ ಕೊಟ್ಟದ್ದು ಒಳ್ಳೆಯ ಹಾಲನ್ನೇ.

ಅಮೆರಿಕದ 'ಮಾಂಸಾಹಾರಿ ಹಾಲು' ಬರುತ್ತದಂತೆ ಎಂಬ ಸುದ್ದಿಯ ಬಗ್ಗೆಯೂ ಈಚೆಗೆ ಬಹಳ ಜನ ಕೇಳುತ್ತಾರೆ. ಅಲ್ಲಿ ದನದ ಮಾಂಸ–ಮೂಳೆ ಪುಡಿಯನ್ನು ದನಕ್ಕೆ ಹಾಕುವುದನ್ನು 1997ರಲ್ಲೇ ನಿಷೇಧಿಸಿದ್ದಾರೆ. ಆದರೆ ರಕ್ತದ ಪುಡಿ, ಹಂದಿಯ ಪ್ರೋಟೀನು, ಕೋಳಿಯ ಉಳಿಕೆಗಳಿಗೆ ಅವಕಾಶ ಇದೆ. ಅಂಥ ಹಸುವಿನ ಹಾಲು ಬೇಡ ಎಂದು ಭಾರತ ಪಟ್ಟು ಹಿಡಿದಿದೆ. ನಮ್ಮ ಜನರ ನಂಬಿಕೆಯ ದೃಷ್ಟಿಯಿಂದ ಅದು ಸರಿಯಾದ ಪಟ್ಟು ಎಂದೇ ನನ್ನ ಅಭಿಪ್ರಾಯ. ಆದರೆ ಆ ಹಾಲು ಕುಡಿದರೆ ಪ್ರಿಯಾನ್ ಬರುತ್ತದೆ ಎಂದು ಹೆದರಿಸುವುದು ತಪ್ಪು. ಅದು ಬೇರೆ ಮಾತು, ಇದು ಬೇರೆ ಮಾತು.

ಮೂಳೆ ಕಡಿಯುವ ಹಸುವಿಗೆ ಪ್ರಿಯಾನ್ ಬಂದೀತು ಎಂದು ಹೆದರಬೇಡಿ. ಹಾಗೆಂದು ಸುಮ್ಮನೆ ಬಿಡಲೂಬೇಡಿ. ಮೂಳೆ, ಚಪ್ಪಲಿ, ಬಟ್ಟೆ, ಮಣ್ಣು ತಿನ್ನುವ ಹಸು ಬಾಯಿ ಬಿಟ್ಟು ಹೇಳುತ್ತಿರುವುದು ಹೆಚ್ಚಾಗಿ ಒಂದೇ, 'ನನಗೆ ರಂಜಕ ಸಾಲುತ್ತಿಲ್ಲ' ಎಂದು. ಹಾಲು ಕರೆಯುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಕೊಡಿ, ಜಂತುಹುಳುವಿನ ಔಷಧ ಹಾಕಿಸಿ. ಕೆಲವು ವಾರಗಳಲ್ಲಿ ಆ ಚಟ ಕಡಿಮೆಯಾಗುತ್ತದೆ. ಆಗದಿದ್ದರೆ ಪಶುವೈದ್ಯರಿಗೆ ತೋರಿಸಿ. ಸತ್ತ ಪ್ರಾಣಿಯ ಮೂಳೆಯಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ವಿಷ ಇರಬಹುದು, ಅದರಿಂದ ಹಸುವಿನ ಕಾಲು ಸೋತು ಏಳಲಾಗದೆ ಸಾಯಬಹುದು. ಮೂಳೆಯ ನಿಜವಾದ ಅಪಾಯ ಅದು. ಇನ್ನು ಪಶು ಆಹಾರ ಕೊಳ್ಳುವಾಗ ಚೀಲದ ಮೇಲೆ ಐಎಸ್ಐ ಗುರುತು ನೋಡಿ. ಮೂಳೆ ಪುಡಿ, ಮಾಂಸದ ಪುಡಿ ಬೆರೆಸಿದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ. ಗಿಡಕ್ಕೆ ಹಾಕುವ ಮೂಳೆ ಗೊಬ್ಬರದ ಚೀಲ ಕೊಟ್ಟಿಗೆಯಲ್ಲಿ ಇಡಬೇಡಿ.

ಬೇಯಿಸಿದರೆ ಪ್ರಿಯಾನ್ ಸಾಯುತ್ತದಾ ಎಂದು ಕೇಳಿದ್ದೀರಿ. ಇಲ್ಲ, ಆ ಮಾತು ನಿಜ. ಅದು ಜೀವಿಯೇ ಅಲ್ಲವಲ್ಲ, ಸಾಯುವುದಕ್ಕೆ. ನಮ್ಮ ಕುಕ್ಕರಿನಲ್ಲಿ ಶಾಖ 120 ಡಿಗ್ರಿ ಆಸುಪಾಸು ಹೋಗುತ್ತದೆ. ಆಸ್ಪತ್ರೆಗಳಲ್ಲಿ ಪ್ರಿಯಾನ್ ತಗುಲಿದ ಉಪಕರಣಗಳನ್ನು 134 ಡಿಗ್ರಿ ಹಬೆಯಲ್ಲಿ 18 ನಿಮಿಷ ಇಟ್ಟರೂ ಅದಷ್ಟೇ ಸಾಲದು ಎಂದು ಕಟುವಾದ ಕ್ಷಾರದಲ್ಲಿ ನೆನೆಸುತ್ತಾರೆ. ಆದ್ದರಿಂದ ಪ್ರಿಯಾನ್ ವಿಷಯದಲ್ಲಿ ಅಡುಗೆಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಕಾಪಾಡುವುದು ಕೊಟ್ಟಿಗೆ ಮತ್ತು ಕಸಾಯಿಖಾನೆ. ರೋಗ ಇಲ್ಲದ ಪ್ರಾಣಿ, ಸರಿಯಾದ ಮೇವು, ಕಡಿಯುವ ಮೊದಲು ವೈದ್ಯರ ತಪಾಸಣೆ.

ಮಗನಿಗೆ ಕೊಟ್ಟ ಕುರಿ ಮೆದುಳಿನ ಬಗ್ಗೆ ಕೊರಗಬೇಡಿ. ಆರೋಗ್ಯವಾಗಿದ್ದ ಕುರಿಯ ತಲೆ ಮಾಂಸ, ಮೆದುಳು ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ತಿಂದಿದ್ದಾರೆ. ಅಪಾಯ ಸೊನ್ನೆ ಎನ್ನಲಾರೆ. ಭಾರತದಲ್ಲೂ ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಸ್ಕ್ರೇಪಿ ಕಂಡಿದ್ದಾಗಿ 1961ರಲ್ಲಿ ವರದಿಯಾಗಿತ್ತು. ಆದರೆ ಆಗಲೇ ಹೇಳಿದ ಹಾಗೆ ಅದು ಮನುಷ್ಯರಿಗೆ ದಾಟಿದ ಆಧಾರ ಇಲ್ಲ. ನನ್ನನ್ನು ಕೇಳಿದರೆ, ತಲೆ ಅಲ್ಲಾಡಿಸುತ್ತಿದ್ದ, ಗಿರ್ರನೆ ಸುತ್ತುತ್ತಿದ್ದ, ನಿಲ್ಲಲಾಗದೆ ಬೀಳುತ್ತಿದ್ದ ಕುರಿಯ ಯಾವ ಭಾಗವನ್ನೂ ತಿನ್ನಬೇಡಿ. ಅಂಥ ಕುರಿಯನ್ನೇ ಅಗ್ಗದಲ್ಲಿ ಕಡಿದು ಹಂಚುವ ಅಭ್ಯಾಸ ಕೆಲವು ಕಡೆ ಇದೆ, ಅದು ನಿಲ್ಲಬೇಕು. ಇನ್ನು ಮೆದುಳು ತಿಂದರೆ ಮಕ್ಕಳ ಬುದ್ಧಿ ಚುರುಕಾಗುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ. ಅದರಲ್ಲಿ ಕೊಲೆಸ್ಟ್ರಾಲ್ ತುಂಬಾ ಜಾಸ್ತಿ. ಇಷ್ಟಪಟ್ಟರೆ ಅಪರೂಪಕ್ಕೆ ಕೊಡಿ, ಬುದ್ಧಿಗಾಗಿ ಬೇಡ.

ನಿಮ್ಮ ತಮ್ಮನ ವಿಷಯದಲ್ಲಿ ಮಾತ್ರ ನಾನು ಬೇರೆ ರೀತಿ ಹೇಳುತ್ತೇನೆ. ಅಮೆರಿಕದ ಜಿಂಕೆಗಳಲ್ಲಿ ಸಿಡಬ್ಲ್ಯುಡಿ ಎಂಬ ಪ್ರಿಯಾನ್ ರೋಗ ಇದೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡದ್ದು, 2002ರಲ್ಲಿ ವಿಸ್ಕಾನ್ಸಿನ್‌ನಲ್ಲೂ ಸಿಕ್ಕಿತು. ಅಲ್ಲಿ ಈಗ ಬಹಳ ಕಡೆ ಹರಡಿದೆ. ಇದು ಹಸುವಿನ ರೋಗದಂತಲ್ಲ, ಜೊಲ್ಲು, ಮೂತ್ರ, ಮಣ್ಣಿನ ಮೂಲಕ ಜಿಂಕೆಯಿಂದ ಜಿಂಕೆಗೆ ಹರಡುತ್ತದೆ. ರೋಗದ ಜಿಂಕೆಯ ಸ್ನಾಯುವಿನಲ್ಲೂ, ಅಂದರೆ ನಾವು ತಿನ್ನುವ ಮಾಂಸದಲ್ಲೂ, ಪ್ರಿಯಾನ್ ಸಿಕ್ಕಿದೆ. ಇದುವರೆಗೆ ಒಬ್ಬ ಮನುಷ್ಯನಿಗೂ ಅದರಿಂದ ರೋಗ ಬಂದದ್ದು ಖಚಿತವಾಗಿಲ್ಲ. ಆದರೆ ಬ್ರಿಟನ್ನಿನಲ್ಲೂ 1990ರಲ್ಲಿ ಹೀಗೇ ಹೇಳಿದ್ದರು ಅಲ್ವಾ? ಅಲ್ಲಿನ ಬೇಟೆಗಾರರು ಜಿಂಕೆಯ ತಲೆಯ ಮಾದರಿ ಕೊಟ್ಟು ಪರೀಕ್ಷೆ ಮಾಡಿಸಬಹುದು, ರಾಜ್ಯ ಸರ್ಕಾರವೇ ವ್ಯವಸ್ಥೆ ಮಾಡಿದೆ. 'ಟೆಸ್ಟ್ ಮಾಡಿಸಿದ್ದೀರಾ?' ಎಂದು ಗೆಳೆಯರನ್ನು ಕೇಳಲು ತಮ್ಮನಿಗೆ ಹೇಳಿ. ರೋಗ ಇಲ್ಲ ಎಂದು ಬಂದಿದ್ದರೆ ತಿನ್ನಬಹುದು. ಮಾಡಿಸಿಲ್ಲ ಎಂದರೆ ನಯವಾಗಿ ಬೇಡ ಎನ್ನಲಿ. ಈಗಾಗಲೇ ತಿಂದಿದ್ದರೆ ಹೆದರಬೇಕಾಗಿಲ್ಲ. ಪರೀಕ್ಷೆ ಇಲ್ಲದೆ ಇಂಥ ಮಾಂಸ ತಿಂದವರು ಅಲ್ಲಿ ಸಾವಿರಾರು ಜನ ಇದ್ದಾರೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ನಮ್ಮ ಕಡೆ ಹಸುವಿಗೆ 'ಹುಚ್ಚು ಹಿಡಿದರೆ' ಅದು ಬಹುತೇಕ ರೇಬೀಸ್, ಹುಚ್ಚುನಾಯಿ ಕಚ್ಚಿದ್ದರಿಂದ ಬಂದದ್ದು. ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಗಂಟಲು ಕಟ್ಟಿದ ಹಾಗೆ ಒಂದೇ ಸಮನೆ ಕೂಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮನೆಯವರು ಬಾಯಿಯೊಳಗೆ ಕೈ ಹಾಕುತ್ತಾರೆ. ಇದನ್ನು ನಾನು ಎಷ್ಟೋ ಕೊಟ್ಟಿಗೆಗಳಲ್ಲಿ ನೋಡಿದ್ದೇನೆ, ನೋಡಿದಾಗಲೆಲ್ಲ ಎದೆ ಧಸಕ್ ಎಂದಿದೆ. ಜೊಲ್ಲು ಸುರಿಸುವ ಹಸುವಿನ ಬಾಯಿಗೆ ದಯವಿಟ್ಟು ಬರಿಗೈ ಹಾಕಬೇಡಿ. ಹಾಕಿಬಿಟ್ಟಿದ್ದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಅಂಥ ಹಸುವಿನ ಹಾಲು ಬಳಸಬೇಡಿ. ಗೊತ್ತಿಲ್ಲದೆ ಹಸಿ ಹಾಲು ಕುಡಿದಿದ್ದರೆ ವೈದ್ಯರಿಗೆ ಹೇಳಿ. ಕಾಯಿಸಿ ಕುಡಿದಿದ್ದರೆ ಭಯ ಇಲ್ಲ, ಆ ವೈರಸ್ಸು ಕುದಿಯುವ ಹಾಲಿನಲ್ಲಿ ಉಳಿಯುವುದಿಲ್ಲ.

ಹಸಿ ಹಾಲಿನ ಇನ್ನೊಂದು ಅಪಾಯ ಬ್ರೂಸೆಲ್ಲಾ. ಇದು ನಮ್ಮ ರಾಜ್ಯದ ಕೊಟ್ಟಿಗೆಗಳಲ್ಲಿ ನಿಜವಾಗಿಯೂ ಇದೆ. ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಬೆವರು, ಕೀಲುನೋವು ಅದರ ಗುರುತು. ಹಸು ಕಂದು ಹಾಕಿದಾಗ ಸತ್ತ ಕರುವನ್ನೂ ಕಸವನ್ನೂ (ಮಾಸು) ಬರಿಗೈಯಲ್ಲಿ ಎಳೆಯುತ್ತೇವಲ್ಲ, ಅದರಿಂದಲೂ ಬರುತ್ತದೆ. ಕೈಗವಸು ಹಾಕಿಕೊಳ್ಳಿ, ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಲಸಿಕೆ ಹಾಕಿಸಿ. ಗಿಣ್ಣು ಹೇಗೂ ಹಬೆಯಲ್ಲಿ ಬೇಯುತ್ತದೆ, ತಿನ್ನಬಹುದು. ಕರೆದ ನೊರೆಹಾಲನ್ನು ಹಾಗೇ ಕುಡಿಸುವುದು ಮಾತ್ರ ಬೇಡ. ಪ್ರಿಯಾನ್ ಕುದಿಸಿದರೂ ಹೋಗುವುದಿಲ್ಲ, ಆದರೆ ಅದು ಹಾಲಿನಲ್ಲಿಲ್ಲ. ಹಾಲಿನಲ್ಲಿ ಇರಬಹುದಾದ ರೋಗಾಣುಗಳು ಒಂದು ಕುದಿಗೆ ಹೋಗುತ್ತವೆ.

ಕೊನೆಯದಾಗಿ ನಿಮ್ಮ ಅತ್ತೆ. ಸಿಜೆಡಿ ಮುಟ್ಟುವುದರಿಂದ, ಒಟ್ಟಿಗೆ ಉಣ್ಣುವುದರಿಂದ, ರೋಗಿಯ ಸೇವೆ ಮಾಡುವುದರಿಂದ ಬರುವುದಿಲ್ಲ. ಕುಟುಂಬದಲ್ಲಿ ಬೇರೆ ಯಾರಾದರೂ ಹೀಗೆ ಬೇಗ ಮರೆವು ಬಂದು ತೀರಿಕೊಂಡಿದ್ದರೆ ಮಾತ್ರ ನಿಮ್ಹಾನ್ಸ್‌ನಂಥ ಕಡೆ ನರರೋಗ ತಜ್ಞರ ಹತ್ತಿರ ವಂಶವಾಹಿಯ ಬಗ್ಗೆ ಮಾತಾಡಿ. ಆ ಪರೀಕ್ಷೆ ಮಾಡಿಸುವ ಮೊದಲು ಚೆನ್ನಾಗಿ ಯೋಚಿಸಿ. ದೋಷ ಇದೆ ಎಂದು ಗೊತ್ತಾದರೆ ಸದ್ಯಕ್ಕೆ ಅದಕ್ಕೆ ಔಷಧ ಇಲ್ಲ, ಗೊತ್ತಿರುವ ಭಾರವನ್ನು ಮಕ್ಕಳೂ ಹೊರಬೇಕಾಗುತ್ತದೆ. ಯಾರಿಗೂ ಹಾಗೆ ಆಗಿಲ್ಲದಿದ್ದರೆ ಅದನ್ನು ಅಲ್ಲಿಗೇ ಬಿಡಿ.

ಮೂರೂವರೆ ತಿಂಗಳು ಗಂಡನನ್ನು ನೋಡಿಕೊಂಡ ಆ ಹೆಂಗಸು ಈಗ ಮನೆಯಲ್ಲಿ ಒಬ್ಬರೇ ಇರಬೇಕು. ನೀವು ಹಾಲು ನಿಲ್ಲಿಸಿದ್ದನ್ನು ಅವರು ಬೇರೆ ರೀತಿ ಅರ್ಥ ಮಾಡಿಕೊಂಡಿರಬಹುದು. ನಾಳೆ ಬೆಳಗ್ಗೆ ಹಾಲು ಕರೆದ ಮೇಲೆ ನೀವೇ ತೆಗೆದುಕೊಂಡು ಹೋಗಿ, ಅಲ್ಲೇ ಕಾಯಿಸಿ, ಇಬ್ಬರೂ ಕೂತು ಕಾಫಿ ಕುಡಿಯಿರಿ.